ಸಕ್ಕರೆ ಕಪ್ಪಾಗುವ ತನಕ

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ಭಾನುವಾರದ ಅಡುಗೆ ಅಂದರೆ ಅರ್ಧ ದಿನದ ಕೆಲಸ. ಚಗ್ವಾನಸ್ ಊರಿನ ಸಹೋದ್ಯೋಗಿಯೊಬ್ಬರು ಊಟಕ್ಕೆ ಕರೆದಿದ್ದರು. ನಾನು ನೇರ ಅಡುಗೆಮನೆಗೇ ಹೋಗಿ ನಿಂತೆ. ಅವರ ಅಮ್ಮ ಪೆಲಾವ್ ಮಾಡುತ್ತಿದ್ದರು.

ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಕಂದು ಸಕ್ಕರೆ ಸುರಿದರು. ಕರಗಿತು, ನೊರೆ ಬಂತು, ಕಪ್ಪಿಗೆ ತಿರುಗಿತು. ಸೀದೇ ಹೋಯ್ತು ಅಂತ ನನಗೆ ಗಾಬರಿ. ಅವರು ಮಾತ್ರ ಅಲ್ಲಾಡಲಿಲ್ಲ. ಇನ್ನೇನು ಕಹಿಯಾಗಬೇಕು, ಅಷ್ಟರಲ್ಲಿ ಮಸಾಲೆ ಹಚ್ಚಿಟ್ಟ ಕೋಳಿ ಒಳಗೆ ಬಿತ್ತು. ಆಮೇಲೆ ಹಸಿ ತೊಗರಿಕಾಳು, ಅಕ್ಕಿ, ತೆಂಗಿನಹಾಲು. ಮೇಲೊಂದು ಇಡೀ ಮೆಣಸಿನಕಾಯಿ. ಅದು ಒಡೆದರೆ ಯಾರೂ ಬಾಯಿಗಿಡೋಕಾಗಲ್ಲ ಅಂದರು.

ಸಕ್ಕರೆ ಸುಡುವುದನ್ನು ಅವರಿಗೆ ಕಲಿಸಿದ್ದು ಅತ್ತೆ. ಅತ್ತೆಯದು ಆಫ್ರಿಕಾ ಮೂಲದ ಮನೆತನ, ಗುಲಾಮರಾಗಿ ಕಬ್ಬಿನ ಗದ್ದೆಗಳಲ್ಲಿ ದುಡಿದವರದು. ಅಮ್ಮನ ಹಿರಿಯರು ಅದೇ ಗದ್ದೆಗಳಿಗೆ ಭಾರತದಿಂದ ಕರಾರು ಕೂಲಿಗಳಾಗಿ, ಅಂದರೆ ಇಷ್ಟು ವರ್ಷ ದುಡಿಯುತ್ತೇವೆ ಅಂತ ಒಪ್ಪಂದಕ್ಕೆ ಕಟ್ಟುಬಿದ್ದು, ಬಂದವರು. ಕೂಲಿಗಳ ಮೊದಲ ಹಡಗು, ಫತೇಲ್ ರಜಾಕ್, ಕಲ್ಕತ್ತಾದಿಂದ ಹೊರಟು 1845ರ ಮೇ 30ರಂದು ಇಲ್ಲಿಗೆ ತಲುಪಿತು. 1917ರವರೆಗೆ 1 ಲಕ್ಷ 40 ಸಾವಿರಕ್ಕೂ ಜಾಸ್ತಿ ಜನ ಹೀಗೆ ಬಂದರು. ಯಾವ ಸಕ್ಕರೆಗಾಗಿ ಎರಡೂ ಕಡೆಯವರನ್ನು ತಂದು ದುಡಿಸಿದರೋ, ಅದೇ ಸಕ್ಕರೆ ಆ ಪಾತ್ರೆಯಲ್ಲಿ ಸುಡುತ್ತಿತ್ತು. ನನ್ನ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಯಿತು.

ಪಕ್ಕದ ಒಲೆಯಲ್ಲಿ ಕಲಲೂ: ಕೆಸುವಿನೆಲೆ, ಬೆಂಡೆಕಾಯಿ, ತೆಂಗಿನಹಾಲು. ಇದೂ ಆಫ್ರಿಕಾದ ಕಡೆಯ ಅಡುಗೆ. ಬೆಂದ ಮೇಲೆ ಅದನ್ನು ಕಡೆದದ್ದು ದಾಲ್ ಘುಟ್ನಿಯಿಂದ, ಅಂದರೆ ಬೇಳೆ ಕಡೆಯುವ ನಮ್ಮ ಕಡಗೋಲಿನಂಥ ಮರದ ಕೋಲಿನಿಂದ. ಅದರ ಬಗ್ಗೆ ಕೇಳಿದರೆ, "ಇನ್ನು ಯಾವುದರಲ್ಲಿ ಕಡೀಬೇಕು?" ಅಂದರು.

ಕೆಸುವಿನೆಲೆ ಇನ್ನೊಂದಿಷ್ಟು ಉಳಿದಿತ್ತು. ಅದರಲ್ಲಿ ಸಹೀನಾ ಮಾಡೋಣ ಅಂದರು. ನೆನೆಸಿದ ಬೇಳೆ, ಬೆಳ್ಳುಳ್ಳಿ, ಜೀರಿಗೆ, ಅರಿಶಿನ ಸೇರಿಸಿ ರುಬ್ಬಿದ ಹಿಟ್ಟು. ಎಲೆಗೆ ಬಳಿದು, ಒಂದರ ಮೇಲೊಂದು ಇಟ್ಟು, ಬಿಗಿಯಾಗಿ ಸುತ್ತಿ, ಕೊಯ್ದು ಕರಿದರು. ಕರಾವಳಿಯವಳಾದ ನನಗೆ ಪತ್ರೊಡೆ ನೆನಪಾಗದೆ ಇರುತ್ತಾ? ಆದರೆ ಇದು ನಮ್ಮದೇ ಅಂತ ಹೇಳಿಕೊಳ್ಳೋಕೆ ನನಗೆ ಮನಸ್ಸಿಲ್ಲ. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಈಗ ಇದು ಈ ದ್ವೀಪದ ತಿಂಡಿ. ಭಾರತದಿಂದ ಬರುವವರು ಇಲ್ಲಿಯ ಊಟವನ್ನು ಸುಮ್ನೆ 'ಇಂಡಿಯನ್' ಅಂದುಬಿಟ್ಟರೆ ಆ ಅತ್ತೆಯ ಪಾಲು ಎಲ್ಲಿ ಹೋಯಿತು, ಅಲ್ವಾ?

ಹುಣಸೆ ಚಟ್ನಿಯ ಜೊತೆ ಬಿಸಿ ಬಿಸಿ ತಿಂದೆವು. ನಮ್ಮಲ್ಲಿ ಹುಣಸೆಯನ್ನು ಹಿಟ್ಟಿಗೇ ಹಾಕಿ ರುಬ್ಬುತ್ತೇವೆ, ಬೇಳೆಗಿಂತ ಅಕ್ಕಿ ಜಾಸ್ತಿ, ಮೊದಲು ಹಬೆಯಲ್ಲಿ ಬೇಯಿಸುತ್ತೇವೆ ಅಂದೆ. ಎಷ್ಟು ಹೊತ್ತು ಬೇಯಬೇಕು, ಅಕ್ಕಿ ಯಾವುದು, ಎಲೆಯ ನಾರು ತೆಗೀತೀರಾ ಅಂತ ಒಂದೊಂದೇ ಕೇಳಿದರು. ಕೊನೆಗೆ, "ಮುಂದಿನ ಭಾನುವಾರ ಅಕ್ಕಿ ನೆನೆಹಾಕಿ ಇಟ್ಟಿರ್ತೀನಿ. ನೀನೇ ಬಂದು ಮಾಡು" ಅಂದರು.