ಜಡ್ಜ್ ಹೆಂಗಸು ಎಂಬ ಆಕ್ಷೇಪ

ಕಳೆದ ತಿಂಗಳು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲ ಬಳಿ, ಅಕ್ಕಂದಿರೊಡನೆ ಪಾಲಿನ ದಾವೆ ನಡೆಸುತ್ತಿರುವ ನನ್ನ ಕಕ್ಷಿದಾರರೊಬ್ಬರು ಫೈಲನ್ನು ಎದೆಗವಚಿಕೊಂಡು ನಿಂತು, "ಮೇಡಂ, ಈಗ ಬಂದಿರೋ ಜಡ್ಜ್ ಹೆಂಗಸು. ಹೆಣ್ಣುಮಕ್ಕಳ ಕಡೆಗೇ ವಾಲ್ತಾರೆ. ಕೇಸನ್ನ ಬೇರೆ ಕೋರ್ಟಿಗೆ ಹಾಕಿಸಿಬಿಡಿ" ಎಂದರು. ಇದೇ ದಾವೆ ಪುರುಷ ನ್ಯಾಯಾಧೀಶರ ಮುಂದಿದ್ದಷ್ಟು ಕಾಲ ಅವರ ಅಕ್ಕಂದಿರು ಅಂಥ ಅರ್ಜಿ ಹಾಕಿರಲಿಲ್ಲ. ಕಕ್ಷಿದಾರರಿಗೆ ನಾನು ಕೊಟ್ಟ ಉತ್ತರ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿಯವರಿಂದ ಕಲಿತದ್ದು.

ಮಾಟ್ಲಿ ಅಮೆರಿಕದ ಮೊದಲ ಕಪ್ಪು ಮಹಿಳಾ ಫೆಡರಲ್ ನ್ಯಾಯಾಧೀಶೆ. ವೆಸ್ಟ್ ಇಂಡೀಸ್‌ನ ನೆವಿಸ್ ದ್ವೀಪದಿಂದ ವಲಸೆ ಬಂದಿದ್ದ ದಂಪತಿಯ ಮಗಳಾಗಿ 1921ರಲ್ಲಿ ನ್ಯೂ ಹೇವನ್‌ನಲ್ಲಿ ಹುಟ್ಟಿದರು. ತಂದೆ ಅಡುಗೆ ಕೆಲಸದವರು. ಸಮುದಾಯದ ಸಭೆಯೊಂದರಲ್ಲಿ ಆಕೆಯ ಮಾತು ಕೇಳಿದ ಶ್ರೀಮಂತರೊಬ್ಬರು ಓದಿನ ಖರ್ಚು ವಹಿಸಿಕೊಂಡಿದ್ದರಿಂದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವುದು ಸಾಧ್ಯವಾಯಿತು. ನಾಗರಿಕ ಹಕ್ಕುಗಳ ವಕೀಲ ಥರ್ಗುಡ್ ಮಾರ್ಷಲ್ ಅವರ ಜೊತೆಗೂಡಿ, ಶಾಲೆಗಳಲ್ಲಿನ ವರ್ಣಭೇದವನ್ನು ಮುರಿದ ಬ್ರೌನ್ ಪ್ರಕರಣದಲ್ಲಿ ದುಡಿದರು. 1962ರಲ್ಲಿ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್‌ಗೆ ಮಿಸಿಸಿಪಿ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದ ವಕೀಲರೂ ಇವರೇ. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ 10 ಪ್ರಕರಣಗಳಲ್ಲಿ 9ನ್ನು ಗೆದ್ದರು. ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಸೋತ ಆ ಒಂದು: ಮೊಕದ್ದಮೆ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ಜ್ಯೂರಿಯಿಂದ ಕಪ್ಪು ಜನರನ್ನು ಹೊರಗಿಡುವುದರ ವಿರುದ್ಧ ಅವರು ಹೂಡಿದ ವಾದವನ್ನು 1965ರಲ್ಲಿ ಒಪ್ಪದ ನ್ಯಾಯಾಲಯ, 1986ರಲ್ಲಿ ತನ್ನ ನಿಲುವನ್ನು ತಾನೇ ಬದಲಿಸಿಕೊಂಡಿತು.

1966ರಲ್ಲಿ ಅಧ್ಯಕ್ಷ ಜಾನ್ಸನ್ ಮಾಟ್ಲಿಯವರನ್ನು ಫೆಡರಲ್ ನ್ಯಾಯಾಧೀಶೆಯ ಹುದ್ದೆಗೆ ನಾಮನಿರ್ದೇಶನ ಮಾಡಿದಾಗ, ಮಿಸಿಸಿಪಿಯ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ಅಡ್ಡಗಾಲು ಹಾಕಿದ್ದರಿಂದ ಅನುಮೋದನೆ ಸಿಗಲು ಏಳು ತಿಂಗಳು ಹಿಡಿಯಿತು.

ನ್ಯೂಯಾರ್ಕಿನ ದೊಡ್ಡ ವಕೀಲ ಸಂಸ್ಥೆಯೊಂದು ಹೆಣ್ಣೆಂಬ ಕಾರಣಕ್ಕೆ ಕೆಲಸ ನಿರಾಕರಿಸುತ್ತದೆಂಬ ದಾವೆ 1975ರಲ್ಲಿ ಅವರ ಮುಂದಿತ್ತು. ಕಪ್ಪು ಮಹಿಳೆಯಾದ ನೀವು ನಿಷ್ಪಕ್ಷಪಾತಿಯಾಗಿರಲಾರಿರಿ, ವಿಚಾರಣೆಯಿಂದ ಹಿಂದೆ ಸರಿಯಿರಿ ಎಂದು ಪ್ರತಿವಾದಿಗಳು ಕೇಳಿದರು. ಮಾಟ್ಲಿ ಸರಿಯಲಿಲ್ಲ. ಹಿನ್ನೆಲೆ, ಲಿಂಗ ಅಥವಾ ವರ್ಣವೇ ಅನರ್ಹತೆಯಾಗುವುದಾದರೆ ಈ ನ್ಯಾಯಾಲಯದ ಯಾವ ನ್ಯಾಯಾಧೀಶರೂ ಈ ಪ್ರಕರಣವನ್ನು ಕೇಳುವಂತಿಲ್ಲ ಎಂಬ ತಾತ್ಪರ್ಯದ ಆದೇಶ ಬರೆದರು. ಗಂಡಿಗೂ ಒಂದು ಲಿಂಗವಿದೆ, ಬಿಳಿಯರಿಗೂ ಒಂದು ವರ್ಣವಿದೆ ಎಂಬುದನ್ನು ಅಷ್ಟು ಶಾಂತವಾಗಿ ದಾಖಲೆಗೆ ತಂದ ಆ ಆದೇಶವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ನನ್ನ ಕಕ್ಷಿದಾರರಿಗೆ ಇಷ್ಟನ್ನೂ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ, ವಕಾಲತ್ತನ್ನು ಹಿಂದಕ್ಕೂ ಪಡೆಯಲಿಲ್ಲ. ವರ್ಗಾವಣೆಯ ಅರ್ಜಿ ಹಾಕಲಿಲ್ಲ; ಮೊನ್ನೆ ಅದೇ ನ್ಯಾಯಾಧೀಶೆಯ ಮುಂದೆ ಅವರ ಪಾಟಿ ಸವಾಲು ಮುಗಿಯಿತು.