ಆಪರೇಷನ್‌ಗೆ ಮುಂಚೆ ಒಂದು ಗುಟುಕು ನೀರೂ ಯಾಕೆ ಕೊಡಲ್ಲ?

ನಾನು ಸರ್ಜರಿ ವಾರ್ಡಿನ ನರ್ಸ್. ರೋಗಿಗಳನ್ನು ಆಪರೇಷನ್‌ಗೆ ತಯಾರು ಮಾಡಿ ಥಿಯೇಟರಿಗೆ ಕಳಿಸುವ ಕೆಲಸ. ವಾರ್ಡಿನಲ್ಲಿ ರೋಗಿಗಳು, ಹೊರಗೆ ನೆಂಟರು, ಸ್ನೇಹಿತರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಬಾಯಿ ಒಣಗಿ ಹೋಗಿದೆ ಸಿಸ್ಟರ್, ಒಂದೇ ಒಂದು ಗುಟುಕು ನೀರು ಕುಡಿದರೆ ಏನಾಗುತ್ತೆ?"

ನನ್ನ ಉತ್ತರ ಎರಡು ಭಾಗದ್ದು. ಊಟದ ವಿಷಯದಲ್ಲಿ ಹೇಳಿದ ಗಡುವನ್ನು ಒಂದು ನಿಮಿಷವೂ ಮೀರಬೇಡಿ. ನೀರಿನ ವಿಷಯದಲ್ಲಿ ಮಾತ್ರ, ವಾರ್ಡಿನಲ್ಲಿ ನಾವು ಹೆದರಿಸುವಷ್ಟು ಬಿಗಿ ನಿಯಮ ನಿಜವಾಗಿ ಇಲ್ಲ.

ಮೊದಲು ಊಟದ ಕಥೆ. ಎಚ್ಚರವಿರುವಾಗ ಹೊಟ್ಟೆಯಲ್ಲಿರುವುದು ಮೇಲೆ ಬರದಂತೆ ಅನ್ನನಾಳದ ಕೆಳತುದಿಯ ಸ್ನಾಯು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಅದನ್ನೂ ದಾಟಿ ಏನಾದರೂ ಬಂದರೆ ತಕ್ಷಣ ಕೆಮ್ಮುತ್ತೇವೆ, ಶ್ವಾಸನಾಳ ಮುಚ್ಚಿಕೊಳ್ಳುತ್ತದೆ. ಅರಿವಳಿಕೆ ಕೊಟ್ಟಾಗ ಈ ಎರಡು ಕಾವಲೂ ಸಡಿಲವಾಗುತ್ತವೆ. ಹೊಟ್ಟೆಯಲ್ಲಿದ್ದದ್ದು ಸದ್ದಿಲ್ಲದೆ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಗಟ್ಟಿ ಆಹಾರವಾದರೆ ಉಸಿರಿನ ದಾರಿಯೇ ಕಟ್ಟಿಕೊಳ್ಳುತ್ತದೆ. ಬರೀ ಹೊಟ್ಟೆಯ ಆಮ್ಲವಾದರೂ ಶ್ವಾಸಕೋಶ ಸುಟ್ಟುಹೋಗುತ್ತದೆ.

ಇದನ್ನು ಸರಿಯಾಗಿ ದಾಖಲಿಸಿದವರು ಅಮೆರಿಕದ ಹೆರಿಗೆ ಡಾಕ್ಟರ್ ಕರ್ಟಿಸ್ ಮೆಂಡೆಲ್ಸನ್. 1946ರಲ್ಲಿ ಅವರು ನ್ಯೂಯಾರ್ಕ್‌ನ 44,016 ಹೆರಿಗೆಗಳ ಲೆಕ್ಕ ಪ್ರಕಟಿಸಿದರು. ಅವುಗಳಲ್ಲಿ 66 ತಾಯಂದಿರಿಗೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಿತ್ತು. ಇಬ್ಬರು ತೀರಿಕೊಂಡಿದ್ದರು, ಇಬ್ಬರೂ ಗಟ್ಟಿ ಆಹಾರ ಸಿಕ್ಕಿಕೊಂಡು ಉಸಿರುಗಟ್ಟಿ. ಇದಾದ ಮೇಲೆ ಆಸ್ಪತ್ರೆಗಳು ಹುಷಾರಾದವು. ಆದರೆ ಆ ಹುಷಾರು ಬರಬರುತ್ತಾ "ರಾತ್ರಿ 12ರ ನಂತರ ಬಾಯಿಗೆ ಏನೂ ಹಾಕಬೇಡಿ" ಅನ್ನುವ ಒಂದೇ ಸಾಲಾಗಿಬಿಟ್ಟಿತು. ಊಟಕ್ಕೂ ಅದೇ, ನೀರಿಗೂ ಅದೇ. ಬೆಳಗ್ಗೆ 8ಕ್ಕೆ ಆಪರೇಷನ್ ಇರುವವರಿಗೂ ಅದೇ, ಮಧ್ಯಾಹ್ನ 3ಕ್ಕೆ ಇರುವವರಿಗೂ ಅದೇ.

ಹೊಟ್ಟೆ ಹಾಗೆ ಲೆಕ್ಕ ಹಾಕುವುದಿಲ್ಲ. ನೀರು ತುಂಬಾ ಬೇಗ ಮುಂದೆ ಹೋಗುತ್ತದೆ. ಕುಡಿದದ್ದರಲ್ಲಿ ಅರ್ಧ ಭಾಗ ಹದಿನೈದು ಇಪ್ಪತ್ತು ನಿಮಿಷದಲ್ಲೇ ಕರುಳಿಗೆ ಇಳಿದಿರುತ್ತದೆ. ಎಣ್ಣೆಯಲ್ಲಿ ಕರಿದದ್ದು, ಮಾಂಸ ಇವೆಲ್ಲ ಗಂಟೆಗಟ್ಟಲೆ ಕೂತಿರುತ್ತವೆ. 1986ರಲ್ಲಿ ಕೆನಡಾದ ಡಾಕ್ಟರುಗಳು ಆಪರೇಷನ್‌ಗೆ ಸುಮಾರು ಎರಡೂವರೆ ಗಂಟೆ ಮುಂಚೆ ಕೆಲವರಿಗೆ 150 ಮಿಲಿ ಲೀಟರ್ ನೀರು ಕೊಟ್ಟು ನೋಡಿದರು. ನೀರು ಕುಡಿದವರ ಹೊಟ್ಟೆಯಲ್ಲಿ ಉಪವಾಸ ಇದ್ದವರಿಗಿಂತ ಜಾಸ್ತಿ ಏನೂ ಉಳಿದಿರಲಿಲ್ಲ. ಹೊಟ್ಟೆ ಖಾಲಿ ಇದ್ದರೂ ತನ್ನ ಪಾಡಿಗೆ ರಸ ಸುರಿಸುತ್ತಲೇ ಇರುತ್ತದೆ, ಅಲ್ವಾ? ಪೂರ್ತಿ ಒಣಗಿದ ಹೊಟ್ಟೆ ಅನ್ನುವುದೇ ಇಲ್ಲ.

ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ನಿಯಮ ಬದಲಿಸಿತು. ಈಗ ಹೆಚ್ಚಿನ ಕಡೆ ನಡೆಯುವುದು ಅದೇ ಲೆಕ್ಕ. ತಿಳಿಯಾದ ಪಾನೀಯ ಕುಡಿದ ಮೇಲೆ 2 ಗಂಟೆ. ಎದೆಹಾಲಿಗೆ 4 ಗಂಟೆ. ಬೇರೆ ಹಾಲು, ಹಾಲಿನ ಪುಡಿ, ಹಗುರ ತಿಂಡಿಗೆ 6 ಗಂಟೆ. ಕರಿದದ್ದು, ಕೊಬ್ಬಿನದು, ಮಾಂಸ ತಿಂದರೆ 8 ಗಂಟೆ ಅಥವಾ ಇನ್ನೂ ಜಾಸ್ತಿ. ಮಕ್ಕಳ ವಿಷಯದಲ್ಲಿ ಯುರೋಪಿನವರು ಇನ್ನೂ ಮುಂದೆ ಹೋಗಿದ್ದಾರೆ. 2022ರ ಅವರ ನಿಯಮದ ಪ್ರಕಾರ ತಿಳಿ ಪಾನೀಯವನ್ನು 1 ಗಂಟೆ ಮುಂಚಿನವರೆಗೂ ಕೊಡಬಹುದು.

ತಿಳಿ ಪಾನೀಯ ಎಂದರೆ ಲೋಟದ ಆಚೆ ಇಟ್ಟ ಅಕ್ಷರ ಓದಲು ಬರಬೇಕು. ನೀರು, ಸಕ್ಕರೆ ನೀರು, ಚರಟವಿಲ್ಲದ ಸೇಬಿನ ರಸ. ಹಾಲಿಲ್ಲದ ಟೀ, ಕಾಫಿ ಕೂಡ ಈ ಗುಂಪಿಗೇ ಸೇರುತ್ತವೆ. ಮದ್ಯವೂ ಕೆಲವು ಸಲ ತಿಳಿಯಾಗೇ ಕಾಣುತ್ತದೆ, ಅದು ಲೆಕ್ಕಕ್ಕಿಲ್ಲ! ಇದನ್ನು ತಮಾಷೆಗೆ ಬರೆಯುತ್ತಿಲ್ಲ, ಕೇಳಿದವರಿದ್ದಾರೆ. ಎಲ್ಲರೂ ಎಡವುವುದು ಹಾಲಿನ ವಿಷಯದಲ್ಲಿ. "ಏನೂ ತಿಂದಿಲ್ಲ ಸಿಸ್ಟರ್, ಬರೀ ಕಾಫಿ ಕುಡಿದೆ" ಅನ್ನುತ್ತಾರೆ. ಕಾಫಿಗೆ ಹಾಲು ಹಾಕಿದ್ದರೆ ಅದು ಹೊಟ್ಟೆಯಲ್ಲಿ ಒಡೆದು ಗಟ್ಟಿಯಾಗುತ್ತದೆ. ಬಾಯಿಗೆ ಅದು ಪಾನೀಯ, ಹೊಟ್ಟೆಗೆ ಆಹಾರ.

ಹಾಗಾದರೆ ನೀರನ್ನೂ ನಾವು ಯಾಕೆ ತಡೆಯುತ್ತೇವೆ? ಮುಖ್ಯ ಕಾರಣ ವಾರ್ಡಿನ ಅನುಕೂಲ. ಆಪರೇಷನ್ ಪಟ್ಟಿ ಯಾವಾಗ ಬೇಕಾದರೂ ಬದಲಾಗುತ್ತದೆ. ಮೂರನೆಯವರಿಗೆ ಜ್ವರ ಬಂತು ಎಂದು ಅವರನ್ನು ಬಿಟ್ಟರೆ ನಾಲ್ಕನೆಯವರನ್ನು ತಕ್ಷಣ ಕರೆಯುತ್ತಾರೆ. ಅವರು ಅರ್ಧ ಗಂಟೆ ಹಿಂದೆ ನೀರು ಕುಡಿದಿದ್ದರೆ ಥಿಯೇಟರ್ ಖಾಲಿ ಕಾಯಬೇಕು. ಇಪ್ಪತ್ತು ಹಾಸಿಗೆಗೆ ಇಪ್ಪತ್ತು ಬೇರೆ ಬೇರೆ ಗಡುವು ಹೇಳುವುದಕ್ಕಿಂತ ಎಲ್ಲರಿಗೂ ಒಂದೇ ಗಡುವು ಹೇಳುವುದು ಸುಲಭ. ನಾನೂ ಅದೇ ವ್ಯವಸ್ಥೆಯ ಒಳಗೆ ಇರುವವಳು. ಆದರೂ ಇದು ಸರಿ ಅಂತ ನನಗೆ ಅನಿಸುವುದಿಲ್ಲ. ನಮ್ಮ ಅನುಕೂಲಕ್ಕೆ ರೋಗಿ ಬೆಲೆ ಕೊಡುತ್ತಾನೆ. ಹನ್ನೆರಡು ಹದಿನಾಲ್ಕು ಗಂಟೆ ನೀರಿಲ್ಲದೆ ಇದ್ದವರಿಗೆ ತಲೆನೋವು ಬರುತ್ತದೆ, ತಲೆ ಸುತ್ತುತ್ತದೆ. ಅರಿವಳಿಕೆ ಕೊಟ್ಟ ಕೂಡಲೇ ಬಿಪಿ ಇಳಿಯುವ ಸಾಧ್ಯತೆ ಹೆಚ್ಚು. ವಯಸ್ಸಾದವರು ಗಲಿಬಿಲಿಗೊಳ್ಳುತ್ತಾರೆ. ಡ್ರಿಪ್ ಹಾಕಲು ಹೋದರೆ ನರ ಸಿಗುವುದಿಲ್ಲ, ಎರಡು ಮೂರು ಕಡೆ ಚುಚ್ಚಬೇಕಾಗುತ್ತದೆ. ಆಗ ಬೈಸಿಕೊಳ್ಳುವವರೂ ನಾವೇ.

ಅದಕ್ಕೇ ಹಿಂದಿನ ಸಂಜೆ ಅರಿವಳಿಕೆ ಕೊಡುವ ಅನಸ್ತೇಶಿಯಾ ಡಾಕ್ಟರ್ ನೋಡಲು ಬಂದಾಗ ನೇರವಾಗಿ ಕೇಳಿ: "ಊಟ ಎಷ್ಟು ಹೊತ್ತಿಗೆ ನಿಲ್ಲಿಸಲಿ? ನೀರು ಎಷ್ಟು ಹೊತ್ತಿಗೆ ನಿಲ್ಲಿಸಲಿ?" ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಬೆಳಗ್ಗೆ ಆಪರೇಷನ್ ಮುಂದಕ್ಕೆ ಹೋಯಿತು ಅಂತ ಗೊತ್ತಾದರೆ ಮತ್ತೆ ಕೇಳಿ. ಈ ಲೇಖನ ಓದಿ ನೀವೇ ಸಮಯ ಗುರುತು ಹಾಕಿಕೊಳ್ಳಬೇಡಿ. 2 ಗಂಟೆಯ ಲೆಕ್ಕ ಎಲ್ಲರಿಗೂ ಅನ್ವಯಿಸುವುದಿಲ್ಲ. ಗರ್ಭಿಣಿಯರು, ಕರುಳು ಕಟ್ಟಿಕೊಂಡವರು, ಹಳೆಯ ಸಕ್ಕರೆ ಕಾಯಿಲೆಯಿಂದ ಹೊಟ್ಟೆ ನಿಧಾನವಾದವರು, ಇವರದೆಲ್ಲ ಬೇರೆ ಲೆಕ್ಕ. ತೂಕ ಇಳಿಸಲು ಅಥವಾ ಸಕ್ಕರೆ ಕಾಯಿಲೆಗೆ ಸೆಮಾಗ್ಲುಟೈಡ್ ತರಹದ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಅದು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ.

ಮಾತ್ರೆ ನುಂಗಲು ನೀರು ಬೇಕಲ್ಲ ಅಂತ ಕೆಲವರು ಬಿಪಿ ಮಾತ್ರೆಯನ್ನೇ ಬಿಟ್ಟು ಬರುತ್ತಾರೆ. ಬೇಡ. ಬೆಳಗಿನ ಮಾತ್ರೆಗಳಲ್ಲಿ ಕೆಲವನ್ನು ಒಂದೆರಡು ಗುಟುಕು ನೀರಿನಲ್ಲಿ ನುಂಗಲೇಬೇಕು, ಕೆಲವನ್ನು ನಿಲ್ಲಿಸಬೇಕು. ಯಾವುದು ಯಾವುದು ಅಂತ ಡಾಕ್ಟರ್ ಹೇಳುತ್ತಾರೆ. ಸಕ್ಕರೆ ಕಾಯಿಲೆಯ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಉಪವಾಸದಲ್ಲಿ ಅವು ರಕ್ತದಲ್ಲಿ ಆಮ್ಲ ಹೆಚ್ಚಿಸಬಹುದು, ಆಗ ಸಕ್ಕರೆ ಪರೀಕ್ಷೆ ಮಾಡಿದರೂ ಎಲ್ಲ ಸರಿಯಿದ್ದಂತೆ ಕಾಣಬಹುದು. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಹಾಳೆಯನ್ನೇ ತಂದು ತೋರಿಸಿ.

"ನನಗೆ ಬೆನ್ನಿಗೆ ಇಂಜೆಕ್ಷನ್ ತಾನೆ, ಎಚ್ಚರವೇ ಇರ್ತೀನಿ, ಮತ್ಯಾಕೆ ಉಪವಾಸ?" ಇದು ಬುದ್ಧಿವಂತರ ಪ್ರಶ್ನೆ. ಬೆನ್ನಿನ ಇಂಜೆಕ್ಷನ್ ಕೆಲವೊಮ್ಮೆ ಸಾಲುವುದಿಲ್ಲ. ಆಪರೇಷನ್ ಅಂದುಕೊಂಡದ್ದಕ್ಕಿಂತ ಉದ್ದವಾಗುತ್ತದೆ. ಆಗ ಅಲ್ಲೇ ಪೂರ್ತಿ ಅರಿವಳಿಕೆ ಕೊಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಹೊಟ್ಟೆ ತುಂಬಿದ್ದರೆ ಕಷ್ಟ.

ಇನ್ನು ನಾನು ನಿಜಕ್ಕೂ ಹೆದರುವ ವಿಷಯ. ತಿಂದವರು ಅದನ್ನು ಮುಚ್ಚಿಡುವುದು. ಯಾಕೆ ಮುಚ್ಚಿಡುತ್ತಾರೆ? ಹೇಳಿದರೆ ಬೈಗುಳ ಬೀಳುತ್ತದೆ, ಆಪರೇಷನ್ ಮುಂದಕ್ಕೆ ಹೋಗುತ್ತದೆ, ರಜೆ ಹಾಕಿ ಬಂದ ಮನೆಯವರು ಸಿಟ್ಟಾಗುತ್ತಾರೆ. ಮಕ್ಕಳ ವಿಷಯದಲ್ಲಂತೂ ಅಜ್ಜಿಯೋ ತಾತನೋ ಪಾಪ ಅಳುತ್ತಿದೆ ಅಂತ ಬಿಸ್ಕತ್ತು ಕೊಟ್ಟಿರುತ್ತಾರೆ, ಅಪ್ಪ ಅಮ್ಮನಿಗೂ ಗೊತ್ತಿರುವುದಿಲ್ಲ. ಅದಕ್ಕೇ ನಾನು "ಏನೂ ತಿಂದಿಲ್ಲ ಅಲ್ವಾ?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಹಾಗೆ ಕೇಳಿದರೆ ಎಲ್ಲರೂ ಇಲ್ಲ ಅಂತಲೇ ಅನ್ನುತ್ತಾರೆ. "ಕೊನೆಗೆ ಬಾಯಿಗೆ ಹಾಕಿಕೊಂಡದ್ದು ಏನು, ಎಷ್ಟು ಹೊತ್ತಿಗೆ?" ಅಂತ ಕೇಳುತ್ತೇನೆ. ಮಗುವಾದರೆ ಜೊತೆಗಿರುವ ಪ್ರತಿಯೊಬ್ಬರನ್ನೂ ಕೇಳುತ್ತೇನೆ. ಬಿಸ್ಕತ್ತು ತಿಂದದ್ದು ಗೊತ್ತಾದರೆ ಕೆಲವು ಗಂಟೆ ತಡವಾಗಬಹುದು, ಅಷ್ಟೇ. ಗೊತ್ತಾಗದೇ ಹೋದರೆ ಮಗು ಐಸಿಯುಗೆ ಹೋಗಬಹುದು.

ಅಪಘಾತವಾಗಿ ಬಂದವರು ಉಪವಾಸ ಇರುತ್ತಾರಾ ಅಂತಲೂ ಕೇಳುತ್ತಾರೆ. ಇರುವುದಿಲ್ಲ. ಜೀವ ಉಳಿಸುವ ಆಪರೇಷನ್‌ಗೆ ಯಾರೂ 8 ಗಂಟೆ ಕಾಯುವುದಿಲ್ಲ. ಹೊಟ್ಟೆ ತುಂಬಿದೆ ಅಂದುಕೊಂಡೇ ಡಾಕ್ಟರ್ ಬೇರೆ ಕ್ರಮ ಅನುಸರಿಸುತ್ತಾರೆ. ಮತ್ತಿನ ಔಷಧಿಯನ್ನೂ ಸ್ನಾಯು ಸಡಿಲಿಸುವ ಔಷಧಿಯನ್ನೂ ಒಂದರ ಹಿಂದೆ ಒಂದು ಬೇಗ ಕೊಟ್ಟು, ತಡಮಾಡದೆ ಶ್ವಾಸನಾಳಕ್ಕೆ ಕೊಳವೆ ಹಾಕಿಬಿಡುತ್ತಾರೆ. ಕುತ್ತಿಗೆಯ ಮುಂಭಾಗ ಒತ್ತಿ ಹಿಡಿದು ಅನ್ನನಾಳ ಮುಚ್ಚುವ ಉಪಾಯವನ್ನು 1961ರಲ್ಲಿ ಬ್ರಿಟನ್ನಿನ ಬ್ರಯನ್ ಸೆಲಿಕ್ ಬರೆದು ತೋರಿಸಿದ್ದರು. ಅದರಿಂದ ಎಷ್ಟು ಪ್ರಯೋಜನ ಅನ್ನುವ ವಾದ ಡಾಕ್ಟರುಗಳ ನಡುವೆ ಇನ್ನೂ ನಡೆದೇ ಇದೆ. ಏನೇ ಆದರೂ ಆ ದಾರಿಯಲ್ಲಿ ಅಪಾಯ ಜಾಸ್ತಿ. ಕಾಯಲು ಸಮಯವಿರುವ ಆಪರೇಷನ್‌ಗೆ ಅದನ್ನು ಹಿಡಿಯುವುದರಲ್ಲಿ ಅರ್ಥವಿಲ್ಲ.

ಗಡುವು ಮುಗಿದ ಮೇಲೂ ಬಾಯಾರಿಕೆ ತಡೆಯಲಾಗದಿದ್ದರೆ ಬಾಯಿ ಮುಕ್ಕಳಿಸಿ ಉಗಿಯಿರಿ, ಒದ್ದೆ ಹತ್ತಿಯಲ್ಲಿ ತುಟಿ ಒರೆಸಿಕೊಳ್ಳಿ. ನಾವೇ ತಂದುಕೊಡುತ್ತೇವೆ, ಕೇಳಲು ಸಂಕೋಚ ಬೇಡ. ಆಪರೇಷನ್ ಆದ ಮೇಲೆ ನೀರು ಯಾವಾಗ ಅನ್ನುವುದು ಆಪರೇಷನ್ ಯಾವುದು ಅನ್ನುವುದರ ಮೇಲೆ ಇದೆ. ಹೊಟ್ಟೆ, ಕರುಳು ಮುಟ್ಟದ ಸಣ್ಣ ಆಪರೇಷನ್ ಆಗಿದ್ದರೆ, ಪೂರ್ತಿ ಎಚ್ಚರವಾಗಿ ವಾಂತಿ ಬರುವಂತೆ ಇಲ್ಲದಿದ್ದರೆ, ಸಾಮಾನ್ಯವಾಗಿ ಅವತ್ತೇ ಕೊಡುತ್ತೇವೆ. ಮೊದಲು ಸ್ವಲ್ಪ ಸ್ವಲ್ಪ, ಕೂತುಕೊಂಡು.