‘ಅಂಥಾ ಟೆನ್ಶನ್ ಏನದ್ರೀ?’

ನಾನು ಕಲಬುರಗಿಯ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಕೌನ್ಸೆಲರ್. ಹಾಗಂತ ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: “ಈಗಿನ ಹುಡುಗರಿಗಿ ಅಂಥಾ ಟೆನ್ಶನ್ ಏನದ್ರೀ?” ಆಟೋದಲ್ಲಿ ಕೇಳಿದ್ದಾರೆ, ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿ ಕೇಳಿದ್ದಾರೆ. ಅವತ್ತು ಉತ್ತರ ಕೊಡಲು ಆಗಲಿಲ್ಲ. ಇವತ್ತು ಕೊಡುತ್ತೇನೆ.

ನನಗೆ ಸಿಟ್ಟು ಬರುವುದು ಆ ‘ಅಂಥಾ’ದ ಮೇಲೆ.

2022ರ ಚಳಿಗಾಲದಲ್ಲಿ ನಮ್ಮ ಕಡೆಯ ತೊಗರಿಗೆ ನೆಟೆ ರೋಗ ಬಿತ್ತು. ನಿಂತ ಬೆಳೆ ನಿಂತಲ್ಲೇ ಒಣಗಿತು. ಆ ಹೊಲ ನಂಬಿಕೊಂಡು ಹಾಸ್ಟೆಲ್ ಸೇರಿದ ಹುಡುಗನಿಗೆ ಪಾಠ ತಲೆಗೆ ಹತ್ತುತ್ತದಾ? 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮದ ಸುದ್ದಿಯಲ್ಲಿ ನಮ್ಮೂರಿನ ಹೆಸರೇ ಮುಂದೆ. ಮರುಪರೀಕ್ಷೆ ಆಗುವಷ್ಟರಲ್ಲಿ 2024ರ ಜನವರಿ. ಅಲ್ಲಿಯವರೆಗೆ, ನೆಟ್ಟಗೆ ಓದಿ ಬರೆದವರೂ ಊರಿಗೆ ಹೋದಾಗೆಲ್ಲ “ಏನಾತಪ್ಪಾ ನಿಂದು?” ಅಂತ ಕೇಳಿಸಿಕೊಂಡರು. ಅಂಥಾ ಟೆನ್ಶನ್. ಸಾಕಾ?

ಸೇಡಂ ರೋಡಿನ ಒಂದು ಮದುವೆಯಲ್ಲಿ ಸಂಬಂಧಿಕರೊಬ್ಬರು ಇದನ್ನೇ ಎತ್ತಿದರು. “ನಾವು ಕಂದೀಲ ಬೆಳಕಿನಾಗ ಓದೀವಿ. ನಮಗ್ಯಾವ ಕೌನ್ಸೆಲರ್ ಇದ್ದ?” ಹೋಳಿಗೆ ಮುರಿಯುತ್ತಿದ್ದ ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ಒಬ್ಬರಾದರೂ ಅರ್ಹ ಕೌನ್ಸೆಲರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಅಂದೆ. ಮದುವೆ ಊಟದಲ್ಲಿ ಕೋರ್ಟಿನ ಮಾತು! ಪಕ್ಕದ ನಾಲ್ಕು ಎಲೆಯವರು ತಿರುಗಿ ನೋಡಿದರು.

ಕೈ ತೊಳೆಯುವಾಗ ಅದೇ ಮನುಷ್ಯ ಹತ್ತಿರ ಬಂದು ದನಿ ತಗ್ಗಿಸಿದರು. “ನಮ್ಮ ಹುಡುಗಿ ಏನರ ನಿಮ್ಮ ಬಲ್ಲಿ ಬಂದಿದ್ದಳೇನ್ರೀ?”

ಬಂದಿದ್ದರೂ ಹೇಳುವುದಿಲ್ಲ, ಬರದಿದ್ದರೂ ಹೇಳುವುದಿಲ್ಲ. ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ಬೇರೆ ಲೆಕ್ಕ. ಹಾಗಂದೆ. ಅವರು ನಲ್ಲಿಯನ್ನು ಬಹಳ ಹೊತ್ತು ತಿರುಗಿಸುತ್ತಾ ನಿಂತರು.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಿಮ್ಮ ರೂಮು ಎಲ್ಲಿದೆ? ಇದನ್ನು ಇದುವರೆಗೆ ಒಬ್ಬರೂ ಕೇಳಿಲ್ಲ. ಮೊದಲು ನನ್ನ ರೂಮು ಸ್ಕಾಲರ್‌ಶಿಪ್ ಕೌಂಟರಿನ ಎದುರಿಗೇ ಇತ್ತು. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ‘ಮಾನಸಿಕ ಸಮಾಲೋಚನಾ ಕೇಂದ್ರ’. ಸಾಲಿನಲ್ಲಿ ನಿಂತ ನಲವತ್ತು ಜನರ ಎದುರು ಆ ಬಾಗಿಲು ಯಾರು ತಳ್ಳುತ್ತಾರೆ? ಒಂದು ತಿಂಗಳಲ್ಲಿ ಇಬ್ಬರು ಬಂದರು. ಅದರಲ್ಲಿ ಒಬ್ಬನಿಗೆ ಬೇಕಾಗಿದ್ದದ್ದು ಜೆರಾಕ್ಸ್ ಅಂಗಡಿ.

ಜಗಳ ಮಾಡಿ ಲೈಬ್ರರಿ ಹಿಂದಕ್ಕೆ ಹೋದೆ. ಬೋರ್ಡು ಬೇಡ ಅಂದೆ. ಬಾಗಿಲ ಪಕ್ಕ ನೀರಿನ ಫಿಲ್ಟರ್, ಆಚೆ ಒಂದು ಬೇವಿನ ಮರ. ನಮ್ಮೂರಿನ ಮೇ ತಿಂಗಳು ಗೊತ್ತಲ್ಲ, 42 ಡಿಗ್ರಿ ಅಂದರೆ ತಂಪು ಅನ್ನುವ ಊರು. ನೀರಿಗೆ ಎಲ್ಲರೂ ಬರುತ್ತಾರೆ. ಕೈಯಲ್ಲಿ ಬಾಟಲಿ ಇದ್ದರೆ ಯಾಕೆ ಬಂದೆ ಅಂತ ಯಾರೂ ಕೇಳುವುದಿಲ್ಲ. ಒಬ್ಬ ಹುಡುಗಿ ಒಂದೇ ಮಧ್ಯಾಹ್ನ ಮೂರು ಸಲ ಬಂದಳು. ಮೂರನೇ ಸಲ ಬಾಟಲಿ ತುಂಬಿಯೇ ಇತ್ತು. ಅದನ್ನು ಬೇವಿನ ಬುಡಕ್ಕೆ ಸುರಿದಳು, ಆಚೀಚೆ ನೋಡಿದಳು, ಒಳಗೆ ಬಂದಳು. “ಇಲ್ಲಿ ಎಷ್ಟೊತ್ತು ಕುಂತರ ನಡೀತದ್ರೀ?” ಅಂದಳು. ಸಂಜೆ ತನಕ ಕೂತಳು. ಮಾತಾಡಿದ್ದು ಕಡಿಮೆ.

ರಾತ್ರಿ ನನ್ನ ರೂಮಿಗೆ ಬೀಗ. ಅದಕ್ಕೆ ಫಿಲ್ಟರ್ ಮೇಲೆ 14416 ಅಂತ ಬರೆದು ಅಂಟಿಸಿದ್ದೇನೆ. ಟೆಲಿ ಮಾನಸ್ ನಂಬರು ಅದು, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರಿ ಸಹಾಯವಾಣಿ. 2022ರಿಂದ ಇದೆ, ಹಗಲೂ ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಹೆಸರು ಬರೆದರೆ ಹುಡುಗರು ದೂರ ನಿಲ್ಲುತ್ತಾರೆ ಅಂತ ಬರೀ ನಂಬರು ಹಾಕಿದ್ದೆ. ಮೊನ್ನೆ ಫಿಲ್ಟರ್ ಕೆಟ್ಟಿತು. ನಮ್ಮ ಪ್ಯೂನ್ ರಿಪೇರಿಯವರ ನಂಬರು ಅಂತ ತಿಳಿದು ಅದಕ್ಕೇ ಫೋನ್ ಹಚ್ಚಿದ. ಮರದ ಕೆಳಗೆ ಇಪ್ಪತ್ತು ನಿಮಿಷ ಮಾತಾಡಿದ. ಫಿಲ್ಟರ್ ಮಾತ್ರ ನಾಲ್ಕು ದಿನ ಹಾಗೇ ಇತ್ತು.